ಪ್ರಯಾಣದ ಗೆರೆ, ಮನೆಯ ಬಣ್ಣ: ಕ್ಯೋಟೋದ ಅಕಿನೋ ಫುಕು ಮತ್ತು ಭಾರತದ ಮಣ್ಣು

ಊರಿಗೆ ಹೋಗಿ ಬಂದವರನ್ನು ಕಂಡಾಗ ನಾವು ಮೊದಲು ಕೇಳುವುದು “ಏನು ತಂದಿರಿ?” ಎಂದು. ಹುಳಿಪುಡಿ, ಚಟ್ನಿಪುಡಿ, ಹಪ್ಪಳ ಸಂಡಿಗೆ, ಒಂದೆರಡು ಪುಸ್ತಕ, ಮಕ್ಕಳಿಗೆ ಬಟ್ಟೆ ಎಂದು ಪಟ್ಟಿ ಮುಗಿದ ಮೇಲೆ ಎರಡನೆಯ ಪ್ರಶ್ನೆ: “ಊರು ಹೇಗಿದೆ?” ಅದಕ್ಕೆ ಬರುವ ಉತ್ತರ ಬಹುಪಾಲು ಒಂದೇ: “ತುಂಬ ಬದಲಾಗಿಬಿಟ್ಟಿದೆ.” ಏನು ಬದಲಾಯಿತು, ಏನು ಉಳಿಯಿತು, ಯಾವ ಗೋಡೆಯ ಮೇಲೆ ಯಾವ ಹೊತ್ತಿನ ಬಿಸಿಲು ಬೀಳುತ್ತಿತ್ತು ಎಂದು ಮುಂದುವರಿದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಮೊಬೈಲಿನಲ್ಲಿ ನೂರಾರು ಫೋಟೋಗಳಿರುತ್ತವೆ. ಆದರೆ ಕಣ್ಣಾರೆ ನೋಡಿದ್ದು ಇಷ್ಟು ಎಂದು ಹೇಳಲು ಮಾತು ಸಿಗುವುದಿಲ್ಲ.

ನಾವು ಬಾಳುತ್ತಿರುವ ಈ ಜಪಾನಿನಲ್ಲಿ, ಹಳೆಯ ರಾಜಧಾನಿಯಾದ ಕ್ಯೋಟೋ ನಗರದಲ್ಲಿ, ಈ ಪ್ರಶ್ನೆಗೆ ಜೀವಮಾನವಿಡೀ ಉತ್ತರ ಹುಡುಕಿದ ಒಬ್ಬ ಕಲಾವಿದೆ ಇದ್ದರು. ಅವರ ಹೆಸರು ಅಕಿನೋ ಫುಕು. ಅವರು ಹುಡುಕಿದ್ದು ತಮ್ಮ ಊರನ್ನಲ್ಲ, ನಮ್ಮ ದೇಶವನ್ನು. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಭಾರತಕ್ಕೆ ಹೋದ ಅವರು ಒಟ್ಟು ಹದಿನಾಲ್ಕು ಬಾರಿ ಹೋಗಿಬಂದರು. ಅಲ್ಲಿ ಗೆರೆಗಳನ್ನು ಎಳೆದುಕೊಂಡು ಬಂದು, ಇಲ್ಲಿ ಕ್ಯೋಟೋದ ಮನೆಯಲ್ಲಿ ಕುಳಿತು ದೊಡ್ಡ ಚಿತ್ರಗಳನ್ನು ಬರೆದರು. ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಆ ಗೆರೆಗಳ ಕಥೆಯನ್ನೂ, ಅವುಗಳ ಹಿಂದಿರುವ ಕ್ಯೋಟೋದ ಪರಂಪರೆಯನ್ನೂ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಬರೆಯುವುದು ಎಂಬ ಮಾತು

ಮೊದಲಿಗೆ ಒಂದು ಸಣ್ಣ ಸಂಗತಿ. ಕನ್ನಡದಲ್ಲಿ ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಜಪಾನೀ ಭಾಷೆಯಲ್ಲೂ ಹಾಗೆಯೇ. ‘ಕಾಕು’ ಎಂಬ ಒಂದೇ ಧ್ವನಿ ಅಕ್ಷರ ಬರೆಯುವುದಕ್ಕೂ ಸಲ್ಲುತ್ತದೆ, ಚಿತ್ರ ಬರೆಯುವುದಕ್ಕೂ ಸಲ್ಲುತ್ತದೆ. ಲಿಪಿಯಲ್ಲಿ ಮಾತ್ರ ಎರಡಕ್ಕೂ ಬೇರೆ ಬೇರೆ ಚಿಹ್ನೆಗಳಿವೆ. ಎದುರಿಗಿರುವುದನ್ನು ನೋಡಿ ಬರೆದುಕೊಳ್ಳುವುದಕ್ಕೆ ಇಲ್ಲಿನವರು ‘ಶಸೇಯಿ’ ಎನ್ನುತ್ತಾರೆ. ಅಕ್ಷರಶಃ ಅರ್ಥ ಮಾಡಿದರೆ ‘ಜೀವವನ್ನು ನಕಲು ಮಾಡಿಕೊಳ್ಳುವುದು’ ಎಂದಾಗುತ್ತದೆ. ಇಂಗ್ಲಿಷಿನ ಸ್ಕೆಚ್ ಎಂಬ ಪದದಲ್ಲಿ ಅವಸರದ, ಅರೆಬರೆಯ ಕೆಲಸ ಎಂಬ ಧ್ವನಿಯಿದೆ. ಶಸೇಯಿಯಲ್ಲಿ ಆ ಹಗುರತನ ಕಾಣುವುದಿಲ್ಲ.

ಕ್ಯೋಟೋದಲ್ಲಿ ಈ ಪದ್ಧತಿಗೆ ಬೇರು ಊರಿದವರೆಂದರೆ ಮಾರುಯಾಮಾ ಓಕ್ಯೋ (1733–1795). ಇಂದಿನ ಕಾಮೆಓಕಾ ಸಮೀಪದ ಅನಾವು ಎಂಬ ಹಳ್ಳಿಯ ರೈತ ಮನೆತನದ ಹುಡುಗ ಕ್ಯೋಟೋಗೆ ಬಂದು ಆಟಿಕೆ ಸಾಮಾನಿನ ಅಂಗಡಿಯಲ್ಲಿ ದುಡಿದ. ಮಸೂರದ ಮೂಲಕ ನೋಡಿದರೆ ಆಳ ಕಾಣುವಂತಹ ಪೆಟ್ಟಿಗೆ ಚಿತ್ರಗಳನ್ನು ಬರೆಯುತ್ತಾ ಕೈ ಪಳಗಿಸಿಕೊಂಡ. ಆ ಕಾಲಕ್ಕೆ ಚಿತ್ರ ಕಲಿಯುವುದೆಂದರೆ ಗುರುವಿನ ಮಾದರಿಗಳನ್ನು, ಚೀನಾದಿಂದ ಬಂದ ಹಳೆಯ ಸುರುಳಿಗಳನ್ನು ತಿದ್ದುವುದೆಂದೇ ಅರ್ಥ. ಓಕ್ಯೋ ಅದರ ಜೊತೆಗೆ ಗಿಡ, ಹಕ್ಕಿ, ಹುಳುಗಳನ್ನು ಎದುರಿಗಿಟ್ಟುಕೊಂಡು ನೋಡಿ ಬರೆದುಕೊಳ್ಳುವ ರೂಢಿಯನ್ನು ಬೆಳೆಸಿದರು. ಅವರ ಶಸೇಯಿ ಪುಸ್ತಕಗಳು ಇಂದಿಗೂ ಉಳಿದಿವೆ. ಯೋದೋ ನದಿಯ ಎರಡೂ ದಡಗಳನ್ನು ತೋರಿಸುವ ಉದ್ದನೆಯ ಸುರುಳಿಯನ್ನು ಅವರು 1765ರಲ್ಲಿ ಬರೆದರು. ದೋಣಿಯಲ್ಲಿ ಕುಳಿತು ಹೋಗುವ ಪ್ರಯಾಣಿಕನ ಮುಂದೆ ದಡಗಳು ಸರಿದಂತೆ, ಸುರುಳಿ ಬಿಚ್ಚಿದ ಹಾಗೆಲ್ಲ ಊರುಗಳು ಸರಿಯುತ್ತವೆ. ಕ್ಯೋಟೋದಿಂದ ಓಸಾಕಾಕ್ಕೆ ಇಂದು ನಾವು ಅರ್ಧ ಗಂಟೆಯಲ್ಲಿ ರೈಲಿನಲ್ಲಿ ಹೋಗುವ ದಾರಿ ಅದೇ ನದಿಯ ಬದಿಯದು.

ಓಕ್ಯೋ ನಂತರದ ಶಿಷ್ಯಪರಂಪರೆ ಬಹಳ ದೊಡ್ಡದು. ಆ ಪರಂಪರೆಯಲ್ಲಿ ಕಲಿತ ಕೋನೋ ಬೈರೇಯಿ (1844–1895) ಅವರಂಥವರ ಪ್ರಯತ್ನದಿಂದ 1880ರಲ್ಲಿ ಕ್ಯೋಟೋದಲ್ಲಿ ಸರ್ಕಾರಿ ಚಿತ್ರಶಾಲೆ ಆರಂಭವಾಯಿತು. ಇಂದಿನ ಕ್ಯೋಟೋ ನಗರ ಕಲಾ ವಿಶ್ವವಿದ್ಯಾಲಯ ತನ್ನ ಮೂಲವನ್ನು ಆ ಶಾಲೆಯಲ್ಲಿಯೇ ಗುರುತಿಸಿಕೊಳ್ಳುತ್ತದೆ. ಬೈರೇಯಿಯ ಶಿಷ್ಯರಲ್ಲಿ ಒಬ್ಬರು ತಾಕೆಉಚಿ ಸೇಹೋ (1864–1942).

ಪಶ್ಚಿಮಕ್ಕೆ ಹೋಗಿಬಂದ ಸೇಹೋ

ಕ್ಯೋಟೋದ ಚಿತ್ರಕಾರ ದೂರದೇಶಕ್ಕೆ ಹೋಗಿ, ಗೆರೆಗಳನ್ನು ಹೊತ್ತು ತಂದು, ಊರಿನಲ್ಲಿ ಕುಳಿತು ಚಿತ್ರ ಮಾಡಿದ ಉದಾಹರಣೆಗಳಲ್ಲಿ ಸೇಹೋ ಅವರದು ಬಹು ಮುಖ್ಯವಾದುದು. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿಶ್ವ ಪ್ರದರ್ಶನದ ಸಂದರ್ಭದಲ್ಲಿ ಅವರು ಯೂರೋಪಿಗೆ ಹೋದರು. ಹಲವಾರು ದೇಶಗಳನ್ನು ಸುತ್ತಿ 1901ರ ಆರಂಭದಲ್ಲಿ ಮರಳಿದರು. ಬಂದವರೇ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಬದಲಾಯಿಸಿಕೊಂಡರು. ಉಚ್ಚಾರ ಅದೇ, ಆದರೆ ಹೊಸ ಅಕ್ಷರದೊಳಗೆ ‘ಪಶ್ಚಿಮ’ ಎಂಬ ಚಿಹ್ನೆ ಸೇರಿಕೊಂಡಿತ್ತು.

ಅಲ್ಲಿ ಕಂಡದ್ದನ್ನು ಅವರು ಬಂದ ಕೂಡಲೇ ಮುಗಿಸಿಬಿಡಲಿಲ್ಲ. ರೋಮ್ ನಗರದ ಭಗ್ನಾವಶೇಷಗಳನ್ನು ಮಡಿಕೆಪರದೆಗಳ ಮೇಲೆ ಬರೆದದ್ದು 1903ರಲ್ಲಿ. ವೆನಿಸ್ಸಿನ ಬೆಳದಿಂಗಳನ್ನು ಬರೆದದ್ದು 1904ರಲ್ಲಿ. ನೀರಿನ ಮೇಲೆ ಮಂಜು, ಮಂಜಿನಾಚೆ ಇಗರ್ಜಿಯ ಗುಮ್ಮಟ, ಎಲ್ಲವೂ ಶಾಯಿಯ ಮಬ್ಬಿನಲ್ಲಿ. ನೋಡಿದವರಿಗೆ ಇದು ಇಟಲಿಯೋ, ಬೀವಾ ಸರೋವರದ ದಡವೋ ಎಂಬ ಅನುಮಾನ ಬರಬೇಕು. ಈ ಚಿತ್ರವನ್ನು ಆಧರಿಸಿ ತಾಕಾಶಿಮಾಯಾ ಮಳಿಗೆಯವರು ಮಖಮಲ್ ಬಟ್ಟೆಯ ಮೇಲೆ ಬಣ್ಣದ ಕೆಲಸ ಮಾಡಿಸಿ 1910ರ ಲಂಡನ್ ಪ್ರದರ್ಶನಕ್ಕೆ ಕಳುಹಿಸಿದರು. ಅದರ ಜೊತೆಯ ಇನ್ನೊಂದು ಬಟ್ಟೆ, ಯಾಮಾಮೋತೋ ಶುಂಕ್ಯೋ ಬರೆದ ಅಮೆರಿಕದ ರಾಕಿ ಪರ್ವತಗಳ ಹಿಮ. ಶುಂಕ್ಯೋ ಅವರಿಗೆ ಕ್ಯಾಮೆರಾದ ಹುಚ್ಚು ಬಹಳವಿತ್ತು. ಹೀಗೆ ಒಂದೇ ನಗರದ ಒಂದೇ ತಲೆಮಾರಿನವರಲ್ಲಿ ಒಬ್ಬರು ಗೆರೆಯನ್ನು ನೆಚ್ಚಿದರೆ ಮತ್ತೊಬ್ಬರು ಫೋಟೋವನ್ನೂ ಜೊತೆಗಿಟ್ಟುಕೊಂಡರು.

ಸೇಹೋ ಮುಂದೆ 1920 ಮತ್ತು 1921ರಲ್ಲಿ ಚೀನಾಕ್ಕೂ ಹೋಗಿಬಂದರು. ಅಲ್ಲಿನ ನಗರದ ಹೊರವಲಯವನ್ನು ತೋರಿಸುವ ಅವರ ಹೆಸರಾಂತ ಚಿತ್ರವೊಂದು 1930ರದು. ನೋಡಿದ್ದಕ್ಕೂ ಬರೆದದ್ದಕ್ಕೂ ನಡುವೆ ಒಂಬತ್ತು ವರ್ಷ! ನಾವಾದರೆ ಒಂಬತ್ತು ವರ್ಷದ ಹಿಂದಿನ ಪ್ರವಾಸದ ಫೋಟೋ ಎಲ್ಲಿಟ್ಟೆವೆಂದೇ ಮರೆತಿರುತ್ತೇವೆ. ಕ್ಯೋಟೋದ ಓಕಾಝಾಕಿ ಬಡಾವಣೆಯಲ್ಲಿ 1933ರಲ್ಲಿ ತೆರೆದ ನಗರ ಕಲಾ ಸಂಗ್ರಹಾಲಯದಲ್ಲಿ ಸೇಹೋ ಅವರ ಪೂರ್ಣ ಚಿತ್ರಗಳಷ್ಟೇ ಅಲ್ಲದೆ ಗೆರೆಚಿತ್ರಗಳೂ ಕರಡುಗಳೂ ಇವೆ. ಕೆಲಸ ನಡೆದ ಬಗೆ ಅವುಗಳಿಂದ ತಿಳಿಯುತ್ತದೆ.

ಅಲ್ಲೇ ಏಕೆ ಬರೆಯಬಾರದು?

ಓದುಗರಿಗೆ ಇಲ್ಲಿ ಒಂದು ಸಂದೇಹ ಬರಬಹುದು. ಕಂಡ ಜಾಗದಲ್ಲೇ ಕುಳಿತು ಪೂರ್ತಿ ಚಿತ್ರವನ್ನು ಬರೆದು ಮುಗಿಸಬಾರದೇಕೆ? ಫ್ರಾನ್ಸಿನ ಚಿತ್ರಕಾರರು ಕೊಳವೆಯಲ್ಲಿ ತುಂಬಿದ ಎಣ್ಣೆಬಣ್ಣ ಹಿಡಿದು ಹೊಲಗದ್ದೆಗಳಿಗೆ ಹೋಗಿ ಹಾಗೆ ಬರೆಯಲಿಲ್ಲವೇ? ನಮ್ಮ ಬೆಂಗಳೂರಿನ ರುಮಾಲೆ ಚನ್ನಬಸವಯ್ಯನವರು (1910–1988) ಹೂಬಿಟ್ಟ ಮರದಡಿಯಲ್ಲೇ ಕ್ಯಾನ್ವಾಸು ನಿಲ್ಲಿಸಿಕೊಳ್ಳಲಿಲ್ಲವೇ?

ಉತ್ತರ ಬಣ್ಣದಲ್ಲಿಯೇ ಇದೆ. ‘ನಿಹೊಂಗಾ’ ಎಂದು ಕರೆಯುವ ಜಪಾನೀ ಪದ್ಧತಿಯ ಬಣ್ಣಗಳು ಕಲ್ಲಿನ ಪುಡಿಗಳು. ಹಸಿರು, ನೀಲಿ ಖನಿಜಗಳನ್ನು ಕುಟ್ಟಿ, ತೊಳೆದು, ಕಣದ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ಒಂದೇ ಕಲ್ಲಿನಲ್ಲಿ ಕಣ ದಪ್ಪವಾದಷ್ಟೂ ಬಣ್ಣ ಗಾಢ, ನುಣ್ಣಗಾದಷ್ಟೂ ತೆಳು. ಬಿಳಿಯ ಬಣ್ಣವಾದ ‘ಗೋಫುನ್’ ಚಿಪ್ಪಿನಿಂದ ಬರುತ್ತದೆ. ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟ ಚಿಪ್ಪನ್ನು ಅರೆದು ಅದನ್ನು ಮಾಡುತ್ತಾರೆ. ಕ್ಯೋಟೋದ ಉಏಬಾ ಏಸೋ ಎಂಬ ಬಣ್ಣದ ಅಂಗಡಿ 1751ರಿಂದ ಈ ವ್ಯಾಪಾರದಲ್ಲಿದೆ. ಇಷ್ಟೆಲ್ಲ ಪುಡಿಗಳು ಕಾಗದಕ್ಕೋ ರೇಷ್ಮೆಗೋ ಅಂಟಬೇಕಾದರೆ ಪ್ರಾಣಿಯ ಚರ್ಮದಿಂದ ಮಾಡಿದ ‘ನಿಕಾವಾ’ ಎಂಬ ಅಂಟನ್ನು ನೀರಿನಲ್ಲಿ ನೆನೆಸಿ, ಹದವಾಗಿ ಕಾಯಿಸಿ, ಬೆರಳಿನಲ್ಲಿ ಬಣ್ಣದೊಡನೆ ಕಲಸಬೇಕು. ತಣ್ಣಗಾದರೆ ಗಟ್ಟಿಯಾಗುತ್ತದೆ, ಬಿಸಿಲಲ್ಲಿಟ್ಟರೆ ಕೆಡುತ್ತದೆ. ಬಣ್ಣ ಹರಿಯದಂತೆ ದೊಡ್ಡ ಚಿತ್ರವನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಬಗ್ಗಿ ಕೆಲಸ ಮಾಡಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಇದು ನದಿಯ ದಡದಲ್ಲಿ, ಸಂತೆಯ ಮಧ್ಯದಲ್ಲಿ ಆಗುವ ಕೆಲಸವಲ್ಲ.

ಹಾಗಾಗಿ ಕೆಲಸ ಹಂತ ಹಂತವಾಗಿ ಸಾಗುತ್ತದೆ. ಮೊದಲು ಜಾಗದಲ್ಲಿ ಬರೆದುಕೊಂಡ ಗೆರೆ. ಮನೆಗೆ ಬಂದ ಮೇಲೆ ಅಂತಹ ಹಲವು ಗೆರೆಗಳಿಂದ ಆಯ್ದು ಜೋಡಿಸಿದ ಸಣ್ಣ ಕರಡು. ಆಮೇಲೆ ಚಿತ್ರದಷ್ಟೇ ಗಾತ್ರದ ದೊಡ್ಡ ಕರಡು. ಅದರ ಕೆಳಗೆ ಬಣ್ಣದ ಪುಡಿ ಸವರಿದ ಕಾಗದವಿಟ್ಟು ಮುಖ್ಯ ಚಿತ್ರದ ಹಾಳೆಗೆ ಗೆರೆಯನ್ನು ಇಳಿಸುವುದು. ಇಳಿಸಿದ ಗೆರೆಯ ಮೇಲೆ ಶಾಯಿಯಲ್ಲಿ ಎಳೆಯುವ ಗೆರೆಗೆ ‘ಎಲುಬಿನ ಗೆರೆ’ ಎಂದೇ ಹೆಸರು. ಎಲುಬಿನ ಮೇಲೆ ಮಾಂಸ ಬಂದಂತೆ ಅದರ ಮೇಲೆ ಬಣ್ಣ ಬರುತ್ತದೆ. ಮೈಸೂರು ಸಂಪ್ರದಾಯದ ಚಿತ್ರ ಮಾಡುವವರು ಹುಣಸೆ ಕಡ್ಡಿಯ ಇದ್ದಿಲಿನಿಂದ ಮೊದಲ ಗೆರೆ ಹಾಕಿಕೊಂಡು, ಅದನ್ನು ತಿದ್ದಿ, ಆಮೇಲೆ ಬಣ್ಣಕ್ಕೂ ಚಿನ್ನದ ರೇಕಿಗೂ ಕೈಹಾಕುವುದನ್ನು ಬಲ್ಲವರಿಗೆ ಈ ಕ್ರಮ ಹೊಸತೆನಿಸದು.

ಇಷ್ಟು ಹಂತಗಳನ್ನು ದಾಟುವಾಗ ಒಂದು ಸಂಗತಿ ತಾನಾಗಿ ನಡೆಯುತ್ತದೆ. ಜಾಗದಲ್ಲಿ ಕಂಡದ್ದೆಲ್ಲ ಕೊನೆಯವರೆಗೆ ಬರುವುದಿಲ್ಲ. ಪ್ರತಿ ಹಂತವೂ ಜರಡಿಯಂತೆ ಕೆಲಸ ಮಾಡುತ್ತದೆ. ಉಳಿಯುವುದು ಗಟ್ಟಿಕಾಳು.

ಅಕಿನೋ ಫುಕು

ಸೇಹೋ ಅವರ ಶಿಷ್ಯರೂ ಅಳಿಯನೂ ಆದ ನಿಶಿಯಾಮಾ ಸುಯಿಶೋ (1879–1958) ಕ್ಯೋಟೋದಲ್ಲಿ ಹಲವರಿಗೆ ಪಾಠ ಹೇಳುತ್ತಿದ್ದರು. ಅವರ ಬಳಿಗೆ 1929ರಲ್ಲಿ ಬಂದು ಸೇರಿದ ತರುಣಿಯೇ ಅಕಿನೋ ಫುಕು. ಹುಟ್ಟಿದ್ದು 1908ರ ಜುಲೈಯಲ್ಲಿ, ಶಿಝುಓಕಾ ಪ್ರಾಂತದ ಫುತಮಾತಾ ಎಂಬ ಊರಿನಲ್ಲಿ. ಶಿಕ್ಷಕಿಯಾಗುವ ತರಬೇತಿ ಪಡೆದು ಸ್ವಲ್ಪ ಕಾಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ಮೇಲೆ ಅವರು ಚಿತ್ರಕಲೆಯ ಕಡೆ ಹೊರಳಿದ್ದರು. 1930ರಿಂದಲೇ ಸರ್ಕಾರಿ ಪ್ರದರ್ಶನಗಳಲ್ಲಿ ಅವರ ಚಿತ್ರಗಳು ಆಯ್ಕೆಯಾಗತೊಡಗಿದವು. ಸಹಕಲಾವಿದರೊಬ್ಬರನ್ನು ಮದುವೆಯಾಗಿ ಆರು ಮಕ್ಕಳ ತಾಯಿಯಾದರು. ಅಷ್ಟು ಮಕ್ಕಳ ನಡುವೆಯೂ ಕುಂಚವನ್ನು ಕೆಳಗಿಡಲಿಲ್ಲ.

ಯುದ್ಧ ಮುಗಿದ ನಂತರ 1948ರಲ್ಲಿ ಹಳೆಯ ಪ್ರದರ್ಶನ ವ್ಯವಸ್ಥೆಯಿಂದ ಹೊರಬಂದ ಕಲಾವಿದರು ಕಟ್ಟಿದ ‘ಸೋಝೋ ಬಿಜುತ್ಸು’ ಎಂಬ ಹೊಸ ಬಳಗದ ಸ್ಥಾಪಕರಲ್ಲಿ ಅವರೂ ಒಬ್ಬರು. 1949ರಿಂದ ಕ್ಯೋಟೋ ನಗರದ ಕಲಾಶಾಲೆಯಲ್ಲಿ ಪಾಠ ಹೇಳಲು ತೊಡಗಿದರು. ಹುಡುಗರ ಗುಂಪನ್ನು ಬರೆದ ಚಿತ್ರಕ್ಕೆ 1951ರಲ್ಲಿ ಮೊತ್ತಮೊದಲ ಉಏಮುರಾ ಶೋಎನ್ ಪ್ರಶಸ್ತಿ ಬಂತು. ಇಲ್ಲಿಯವರೆಗೆ ಅವರ ಹೆಸರು ನಿಂತಿದ್ದದ್ದು ಮುಖ್ಯವಾಗಿ ಮನುಷ್ಯರ ಚಿತ್ರಗಳ ಮೇಲೆ ಎಂಬುದನ್ನು ಗಮನಿಸಬೇಕು. ಭೂದೃಶ್ಯ ಅವರ ಕೈಗೆ ಬಂದದ್ದು ಭಾರತದಿಂದ.

1962ರಲ್ಲಿ ಶಾಂತಿನಿಕೇತನದ ವಿಶ್ವಭಾರತಿ ವಿಶ್ವವಿದ್ಯಾಲಯ ಜಪಾನೀ ಪದ್ಧತಿಯ ಚಿತ್ರಕಲೆ ಕಲಿಸುವವರನ್ನು ಹುಡುಕುತ್ತಿದೆ ಎಂಬ ಸುದ್ದಿ ಸಹೋದ್ಯೋಗಿಯೊಬ್ಬರ ಮೂಲಕ ಕ್ಯೋಟೋದ ಕಲಾಶಾಲೆಗೆ ಬಂತು. ಅಕಿನೋ ತಾವೇ ಮುಂದೆ ಬಂದು ಹೋಗುತ್ತೇನೆ ಎಂದರು. ಆಗ ಅವರಿಗೆ ಐವತ್ನಾಲ್ಕರ ಹತ್ತಿರದ ವಯಸ್ಸು. ನಮ್ಮಲ್ಲಿ ಆ ವಯಸ್ಸಿಗೆ ನಿವೃತ್ತಿಯ ಲೆಕ್ಕ ಹಾಕುತ್ತೇವೆ. ಅವರು ಅತಿಥಿ ಪ್ರಾಧ್ಯಾಪಕಿಯಾಗಿ ಒಂದು ವರ್ಷದ ಮಟ್ಟಿಗೆ ಬಂಗಾಳಕ್ಕೆ ಹೊರಟರು.

ಶಾಂತಿನಿಕೇತನಕ್ಕೂ ಜಪಾನಿಗೂ ಅದು ಹೊಸ ನಂಟೇನೂ ಆಗಿರಲಿಲ್ಲ. 1902ರಲ್ಲಿ ಒಕಾಕುರಾ ತೆನ್‌ಶಿನ್ ಕಲ್ಕತ್ತೆಗೆ ಬಂದಿದ್ದರು. ಮರುವರ್ಷ ಯೋಕೊಯಾಮಾ ತಾಯಿಕಾನ್, ಹಿಶಿದಾ ಶುನ್‌ಸೋ ಎಂಬ ಇಬ್ಬರು ಚಿತ್ರಕಾರರು ಬಂದು ಠಾಕೂರರ ಮನೆತನದೊಡನೆ ಬೆರೆತರು. ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಮಬ್ಬಾಗಿಸುವ ವಿಧಾನವನ್ನು ಅವನೀಂದ್ರನಾಥ ಠಾಕೂರರು ರೂಪಿಸಿಕೊಂಡದ್ದು ಅವರ ಕೆಲಸವನ್ನು ಹತ್ತಿರದಿಂದ ನೋಡಿ. ಅವನೀಂದ್ರರ ಶಿಷ್ಯರಾದ ನಂದಲಾಲ ಬೋಸರು ಶಾಂತಿನಿಕೇತನದ ಕಲಾಭವನವನ್ನು ಬೆಳೆಸಿದರು, 1924ರಲ್ಲಿ ರವೀಂದ್ರರ ಜೊತೆ ಜಪಾನಿಗೂ ಬಂದರು. ಕೈಯಲ್ಲಿ ಸಣ್ಣ ಕಾರ್ಡುಗಳನ್ನು ಇಟ್ಟುಕೊಂಡು ಕಂಡದ್ದನ್ನೆಲ್ಲ ಗೆರೆಗೆ ಇಳಿಸುವುದು ನಂದಲಾಲರ ನಿತ್ಯದ ರೂಢಿಯಾಗಿತ್ತು. ಅಕಿನೋ ಅಲ್ಲಿಗೆ ಬಂದಾಗ ವೃದ್ಧರಾದ ನಂದಲಾಲರು ಇನ್ನೂ ಇದ್ದರು.

ಇದೇ ಸರಪಣಿಯ ಒಂದು ಕೊಂಡಿ ನಮ್ಮ ಮೈಸೂರಿಗೂ ಬಂದಿದೆಯೆಂಬುದನ್ನು ಹೇಳದೆ ಮುಂದೆ ಹೋಗಲಾರೆವು. ಮೈಸೂರು ಅರಮನೆಯ ಚಿತ್ರಕಾರರ ಮನೆತನದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಇದೇ ಅವನೀಂದ್ರರ ಬಳಿ ಕಲಿತರು. ಮರಳಿ ಬಂದ ನಂತರ ಊಟಿ, ಕೊಡೈಕನಾಲ್ ಬೆಟ್ಟಗಳ ಮಂಜು, ಮಳೆ, ಬೆಳದಿಂಗಳನ್ನು ನೀರುಬಣ್ಣದಲ್ಲಿ ಬರೆದರು. ಬೆಟ್ಟದ ಒಂದೇ ನೋಟಕ್ಕಾಗಿ, ಒಂದೇ ಹೊತ್ತಿನ ಬೆಳಕಿಗಾಗಿ ಕಾಯುವ ತಾಳ್ಮೆ ಅವರದು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಕಲಾಶಾಲೆಗೆ ಹೋದವರು ಆ ಚಿತ್ರಗಳನ್ನು ನೋಡಿರುತ್ತೀರಿ. ಅವರು 1965ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಕಿನೋ ಭಾರತದ ಮೊದಲ ಯಾತ್ರೆ ಮುಗಿಸಿ ಕ್ಯೋಟೋದಲ್ಲಿ ಭಾರತದ ಚಿತ್ರಗಳನ್ನು ಬರೆಯಲು ತೊಡಗಿದ್ದರು.

ಮತ್ತೆ ಮತ್ತೆ

ಮೊದಲ ಯಾತ್ರೆಯ ಫಲವಾಗಿ ಬಂದ ಚಿತ್ರಗಳಲ್ಲಿ ಇನ್ನೂ ಮನುಷ್ಯರೇ ಮುಖ್ಯ. 1964ರ ಒಂದು ಚಿತ್ರದ ಹೆಸರೇ ‘ಭಾರತದ ಹೆಂಗಸರು’. ಅವರು ಅಲ್ಲಿಗೇ ನಿಲ್ಲಿಸಿದ್ದರೆ ‘ಒಂದು ವರ್ಷ ಭಾರತದಲ್ಲಿದ್ದು ಬಂದ ಕಲಾವಿದೆ’ ಎಂದು ಇತಿಹಾಸ ಒಂದು ಸಾಲು ಬರೆದು ಸುಮ್ಮನಾಗುತ್ತಿತ್ತು. ಆದರೆ ಅವರು ಮತ್ತೆ ಹೋದರು. 1974ರಲ್ಲಿ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೂ ಹೋದರು. ಬಂಗಾಳ, ಒರಿಸ್ಸಾ ಅವರ ಕಣ್ಣಿಗೆ ಪರಿಚಿತ ನೆಲಗಳಾದವು. ಹೋದ ಹಾಗೆಲ್ಲ ಚಿತ್ರದಲ್ಲಿ ಮನುಷ್ಯರು ಸಣ್ಣದಾಗುತ್ತ ಬಂದರು. ನೆಲ, ಗೋಡೆ, ನೀರು, ಆಕಾಶ ದೊಡ್ಡದಾಗುತ್ತ ಬಂದವು.

1984ರಲ್ಲಿ ಬಂಗಾಳದ ಸುಟ್ಟ ಇಟ್ಟಿಗೆಯ ದೇವಾಲಯ. 1991ರಲ್ಲಿ ಮಳೆಯ ಮೋಡ. 1992ರಲ್ಲಿ, ಅವರ 84ನೆಯ ವರ್ಷದಲ್ಲಿ, ವಿಷ್ಣುಪುರದ ದೇವಾಲಯ, ಉದಯಗಿರಿಯ ಗುಹೆಗಳು ಮತ್ತು ‘ನದಿ ದಾಟುವುದು’ ಎಂಬ ಚಿತ್ರ. ಈ ಕೊನೆಯದರಲ್ಲಿ ಬಹುಪಾಲು ಹಾಳೆಯನ್ನು ತುಂಬಿರುವುದು ಮಣ್ಣು ಬೆರೆತ ಹಳದಿ ನೀರು. ಅದರ ಮೇಲೆ ಕಪ್ಪು ಚುಕ್ಕೆಗಳ ಹಾಗೆ ಎಮ್ಮೆಗಳು ಸಾಲಾಗಿ ದಾಟುತ್ತಿವೆ. ಅಷ್ಟೇ. ಎಮ್ಮೆ ನೀರಿಗಿಳಿಯುವುದನ್ನು ನಾವು ಎಷ್ಟು ಸಲ ನೋಡಿಲ್ಲ? ಕಾವೇರಿಯಲ್ಲಿ, ಕೃಷ್ಣೆಯಲ್ಲಿ, ಊರ ಕೆರೆಯಲ್ಲಿ, ಬಸ್ಸಿನ ಕಿಟಕಿಯಿಂದ ನೋಡಿ ಮುಖ ತಿರುಗಿಸಿದ್ದೇವೆ. ಆ ಒಂದು ನೋಟಕ್ಕೆ ದೊಡ್ಡದೊಂದು ಹಾಳೆಯನ್ನೇ ಕೊಡಬಹುದೆಂದು ತೋರಿಸಲು ಕ್ಯೋಟೋದಿಂದ ಒಬ್ಬ ಅಜ್ಜಿ ಬರಬೇಕಾಯಿತು.

ಅವರ ಬಣ್ಣದ ಬಗ್ಗೆಯೂ ಒಂದು ಮಾತು. ಕಾವಿ, ಹಳದಿ ಮಣ್ಣು, ಬಿಳಿ, ಅಲ್ಲಲ್ಲಿ ಚಿನ್ನದ ರೇಕು. ಜಪಾನಿನ ಚಿತ್ರಗಳಲ್ಲಿ ಚಿನ್ನವೆಂದರೆ ಅರಮನೆ, ಮಂದಿರ, ಮೋಡ. ಅಕಿನೋ ಅದನ್ನು ಭಾರತದ ನೆಲದ ಬಿಸಿಲಿಗೆ ಬಳಸಿದರು. ಕ್ಯೋಟೋದ ಹದವಾದ, ತೇವದ ಬೆಳಕಿನಲ್ಲಿ ಬೆಳೆದ ಪದ್ಧತಿಯೊಂದು ಭಾರತದ ಮಧ್ಯಾಹ್ನದ ಬಿಸಿಲನ್ನು ಹಿಡಿಯಬೇಕಾದರೆ ಅದರ ಕೈಗೆ ಹೊಸ ಕೆಲಸ ಕಲಿಸಬೇಕು. ಮಣ್ಣನ್ನು ಮಣ್ಣಿನಿಂದಲೇ, ಕಲ್ಲನ್ನು ಕಲ್ಲಿನ ಪುಡಿಯಿಂದಲೇ ಬರೆಯುವ ಈ ಪದ್ಧತಿ ಕೊನೆಗೆ ನಮ್ಮ ಗೋಡೆಗಳಿಗೆ ಹೇಳಿ ಮಾಡಿಸಿದಂತೆ ಒಗ್ಗಿತು. ಬಿಸಿಲಿಗೆ ಬಿರಿದ ಗೋಡೆಯ ಒರಟು ಮೈ ಬಣ್ಣದ ಕಣಗಳ ಒರಟಿನಲ್ಲೇ ಮೂಡಿತು.

ಪ್ರಯಾಣಗಳ ಬಗ್ಗೆ ಅವರು ಬರೆದ ಬರಹಗಳೂ ಚಿತ್ರಗಳೂ 1992ರಲ್ಲಿ ಒಂದು ಪುಸ್ತಕವಾಗಿ ಬಂದವು. ಅದಕ್ಕೆ ಅವರು ಕೊಟ್ಟ ಹೆಸರು ‘ಬಾವುಲರ ಹಾಡು’. ಊರೂರು ತಿರುಗಿ ಹಾಡುವ ಬಂಗಾಳದ ಬಾವುಲರ ಹೆಸರನ್ನು ತಮ್ಮ ಪುಸ್ತಕಕ್ಕೆ ಇಟ್ಟುಕೊಂಡರೆಂದರೆ ತಮ್ಮನ್ನು ತಾವು ಯಾವ ಪಂಗಡಕ್ಕೆ ಸೇರಿಸಿಕೊಂಡಿದ್ದರೆಂದು ತಿಳಿಯುತ್ತದೆ. ಕೊನೆಯ ವರ್ಷಗಳಲ್ಲಿ ಅವರು ಕ್ಯೋಟೋ ಪ್ರಾಂತದ ಉತ್ತರದ ಬೆಟ್ಟಗಳ ನಡುವೆ, ಹುಲ್ಲು ಹೊದಿಸಿದ ಮನೆಗಳಿಗೆ ಹೆಸರಾದ ಮಿಯಾಮಾದಲ್ಲಿ ನೆಲೆಸಿ ಕೆಲಸ ಮಾಡಿದರು. ಚಳಿಗಾಲದಲ್ಲಿ ಹಿಮ ಬೀಳುವ ಆ ಊರಿನಲ್ಲಿ ಕುಳಿತು ಒರಿಸ್ಸಾದ ಬಿಸಿಲನ್ನು ಬರೆಯುವುದೆಂದರೆ! ‘ಒರಿಸ್ಸಾದ ದೇವಾಲಯ’ ಎಂಬ ಬೃಹತ್ ಚಿತ್ರ 1998ರದು. ಆಗ ಅವರಿಗೆ 90. ಅದೇ ವರ್ಷ ಹುಟ್ಟೂರು ಫುತಮಾತಾದಲ್ಲಿ ಅವರ ಹೆಸರಿನ ಸಂಗ್ರಹಾಲಯ ತೆರೆಯಿತು. 1999ರಲ್ಲಿ ಜಪಾನಿನ ಅತ್ಯುಚ್ಚ ಗೌರವಗಳಲ್ಲೊಂದಾದ ಸಂಸ್ಕೃತಿ ಪದಕ ಬಂತು. 2000ದಲ್ಲಿ ಆಫ್ರಿಕಾವನ್ನೂ ನೋಡಿ ಬಂದು ಅಲ್ಲಿನ ಮನೆಗಳನ್ನು ಬರೆದರು. 2001ರ ಅಕ್ಟೋಬರಿನಲ್ಲಿ ಮಿಯಾಮಾದಲ್ಲಿ ತೀರಿಕೊಂಡರು. 2008ರಲ್ಲಿ ಜನ್ಮಶತಮಾನದ ಪ್ರದರ್ಶನ ಕ್ಯೋಟೋದಲ್ಲೂ ನಡೆಯಿತು.

ಚಪ್ಪಲಿ ಬಿಟ್ಟು ನೋಡುವ ಚಿತ್ರಗಳು

ಫುತಮಾತಾ ಈಗ ಹಮಾಮಾತ್ಸು ನಗರದ ಒಂದು ಭಾಗ. ಸಂಗ್ರಹಾಲಯವಿರುವುದು ಗುಡ್ಡದ ಮೇಲೆ. ವಾಸ್ತುಶಿಲ್ಪಿ ಫುಜಿಮೋರಿ ತೆರುನೋಬು ಅದನ್ನು ಮಣ್ಣಿನ ಬಣ್ಣದ ಗೋಡೆ, ಮರದ ಹಲಗೆಗಳಿಂದ ಕಟ್ಟಿಸಿದ್ದಾರೆ. ಒಳಗೆ ಹೋಗುವವರು ಪಾದರಕ್ಷೆಗಳನ್ನು ಹೊರಗೇ ಬಿಡಬೇಕು. ಒಂದು ಕೋಣೆಯಲ್ಲಿ ಬೆತ್ತದ ಚಾಪೆ, ಮತ್ತೊಂದರಲ್ಲಿ ಬಿಳಿಯ ಅಮೃತಶಿಲೆಯ ನೆಲ. ನೆಲದ ಮೇಲೆ ಕುಳಿತೇ ಚಿತ್ರಗಳನ್ನು ನೋಡಬಹುದು. ಜಪಾನಿನವರಿಗೆ ಇದು ಮನೆಯೊಳಗೆ ಹೋದಂತೆ, ನಮಗೆ ಗುಡಿಯೊಳಗೆ ಹೋದಂತೆ. ನೆಲದ ಮೇಲೆ ಹಾಸಿ ಬರೆದ ಚಿತ್ರವನ್ನು ನೆಲದ ಮೇಲೆ ಕುಳಿತು ನೋಡುವುದರಲ್ಲಿ ಒಂದು ನ್ಯಾಯವಿದೆ. ಕನ್ಸಾಯಿ ಕಡೆಯಿಂದ ಹೋಗುವವರಿಗೆ ಹಮಾಮಾತ್ಸುವರೆಗೆ ಶಿಂಕಾನ್ಸೆನ್ ರೈಲು, ಮುಂದೆ ಸಣ್ಣ ರೈಲಿನ ದಾರಿ. ರಜೆಯ ಒಂದು ದಿನಕ್ಕೆ ಸಾಕಾಗುವ ಪ್ರಯಾಣ. ಮಕ್ಕಳನ್ನು ಕರೆದುಕೊಂಡು ಹೋಗಿ ಎಂದು ನಮ್ಮ ಶಿಫಾರಸು.

ನಮಗೆ ಇದರಿಂದೇನು?

ಹೊರದೇಶದಲ್ಲಿ ನೆಲೆಸಿದ ನಾವೆಲ್ಲರೂ ಒಂದು ಅರ್ಥದಲ್ಲಿ ಚಿತ್ರಕಾರರೇ. ಊರಿನಿಂದ ಹೊರಡುವಾಗ ಒಂದಷ್ಟು ಗೆರೆಗಳನ್ನು ಮನಸ್ಸಿನಲ್ಲಿ ಎಳೆದುಕೊಂಡು ಬಂದಿದ್ದೇವೆ. ಜಗಲಿ, ಬಾವಿಕಟ್ಟೆ, ಶಾಲೆಯ ಮುಂದಿನ ಆಲದ ಮರ, ಗಣಪತಿ ಹಬ್ಬದ ಬೀದಿ. ಮಕ್ಕಳಿಗೆ ‘ಕರ್ನಾಟಕವೆಂದರೆ ಹೀಗೆ’ ಎಂದು ನಾವು ಬರೆದು ತೋರಿಸುವ ದೊಡ್ಡ ಚಿತ್ರ ಆ ಗೆರೆಗಳಿಂದಲೇ ಆದದ್ದು. ಸಂಘದ ವೇದಿಕೆಯ ಮೇಲೆ ರಾಜ್ಯೋತ್ಸವಕ್ಕೆ ನಾವು ಕಟ್ಟುವ ಊರೂ ಅದೇ. ಅದರಲ್ಲಿ ತಪ್ಪೇನಿಲ್ಲ. ದೂರವಿದ್ದಾಗಲೇ ಊರು ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ಸೇಹೋ, ಅಕಿನೋ ಇಬ್ಬರೂ ಸಾಕ್ಷಿ. ಮಿಯಾಮಾದ ಹಿಮದಲ್ಲಿ ಒರಿಸ್ಸಾದ ಬಿಸಿಲು ಮೂಡಬಹುದಾದರೆ, ಇಲ್ಲಿನ ಯಾವುದೋ ಅಪಾರ್ಟ್‌ಮೆಂಟಿನ 4ನೆಯ ಮಹಡಿಯಲ್ಲಿ ಸಾಗರ, ಶಿರಸಿಯ ಮಳೆಯೂ ಮೂಡಬಹುದು.

ಆದರೆ ಅಕಿನೋ ಅವರ ಬದುಕು ಇನ್ನೊಂದು ಮಾತನ್ನೂ ಹೇಳುತ್ತದೆ, ಮತ್ತು ಅದು ನಮಗೆ ಸ್ವಲ್ಪ ಕಹಿಯಾಗಬಹುದು. ಒಂದು ಸಲ ಬರೆದುಕೊಂಡ ಗೆರೆಯನ್ನೇ ನಂಬಿ ಅವರು ಮೂವತ್ತೆಂಟು ವರ್ಷ ಬದುಕಲಿಲ್ಲ. ಮೊದಲ ಯಾತ್ರೆಯಲ್ಲಿ ಕಂಡದ್ದು ಸಾಲದು ಎಂದು ಮತ್ತೆ ಹೋದರು. ಹೋದಾಗ ಬೇರೆಯೇ ಕಂಡಿತು. ಹಳೆಯ ಗೆರೆಯನ್ನು ಬದಿಗಿಟ್ಟು ಹೊಸದಾಗಿ ಬರೆದುಕೊಂಡರು. ನಮ್ಮಲ್ಲಿ ಎಷ್ಟೋ ಜನರ ಮನಸ್ಸಿನ ಊರು ನಾವು ವಿಮಾನ ಹತ್ತಿದ ದಿನದಲ್ಲೇ ನಿಂತುಬಿಟ್ಟಿದೆ. ಊರಿಗೆ ಹೋದಾಗಲೂ ನಾವು ನೋಡುವುದು ಆ ಹಳೆಯ ಗೆರೆಯನ್ನೇ. ಅದಕ್ಕೆ ಹೊಂದದ್ದೆಲ್ಲ ನಮಗೆ ‘ಬದಲಾಗಿಬಿಟ್ಟಿದೆ’. ಬದಲಾದದ್ದನ್ನು ಕುಳಿತು ನೋಡುವ ವ್ಯವಧಾನ ಮೂರು ವಾರದ ರಜೆಯಲ್ಲಿ ಸಿಗುವುದಿಲ್ಲ. ಮದುವೆ, ಬ್ಯಾಂಕು, ಡಾಕ್ಟರು, ನೆಂಟರ ಮನೆಗಳಲ್ಲೇ ದಿನಗಳು ಕಳೆದುಹೋಗುತ್ತವೆ. ನಮ್ಮ ಮಕ್ಕಳಿಗೆ ನಾವು ಕೊಡುತ್ತಿರುವುದು ಈಗ ಎಲ್ಲಿಯೂ ಇಲ್ಲದ ಊರಿನ ಚಿತ್ರವಾದರೆ, ಅವರು ದೊಡ್ಡವರಾಗಿ ಅಲ್ಲಿಗೆ ಹೋದಾಗ ಏನನ್ನು ಗುರುತಿಸಿಯಾರು?

ಆದ್ದರಿಂದ ಈ ಲೇಖನದ ಕೊನೆಗೆ ಒಂದು ಸಣ್ಣ ಸಲಹೆ. ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ನಮ್ಮ ಕೆ. ಕೆ. ಹೆಬ್ಬಾರರು (1911–1996) ಕೆಲವೇ ಗೆರೆಗಳಲ್ಲಿ ಒಂದು ಕುಣಿತವನ್ನೇ ಹಿಡಿದಿಡುತ್ತಿದ್ದರು. ಅವರಷ್ಟು ಕೈಚಳಕ ನಮಗೆ ಬೇಕಾಗಿಲ್ಲ. ಮುಂದಿನ ಬಾರಿ ಊರಿಗೆ ಹೋಗುವಾಗ ನೂರು ಯೆನ್ ಅಂಗಡಿಯ ಒಂದು ಪುಸ್ತಕ, ಒಂದು ಪೆನ್ಸಿಲು ಚೀಲದಲ್ಲಿ ಇಟ್ಟುಕೊಳ್ಳೋಣ. ಒಂದು ಸಂಜೆ ಅರ್ಧ ಗಂಟೆ ಮನೆಯ ಮುಂದೆ ಕುಳಿತು ಎದುರಿಗಿರುವುದನ್ನು, ಈಗ ಇರುವ ಹಾಗೆಯೇ, ಬರೆದುಕೊಳ್ಳೋಣ. ಚಿತ್ರ ಬಾರದವರು ಮಾತಿನಲ್ಲಿ ಬರೆಯಲಿ. ಎರಡಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ ತಾನೇ. ಹೊಸ ಕಾಂಕ್ರೀಟು ಮನೆಯಿದ್ದರೆ ಅದೂ ಇರಲಿ, ಕೇಬಲ್ಲಿನ ತಂತಿಯಿದ್ದರೆ ಅದೂ ಇರಲಿ. ಮರಳಿ ಬಂದ ಮೇಲೆ ಮಕ್ಕಳ ಮುಂದೆ ಆ ಪುಟವನ್ನು ತೆರೆದಿಡೋಣ. ಮುಂದಿನ ವರ್ಷ ಮತ್ತೊಂದು ಪುಟ.

“ಏನು ತಂದಿರಿ?” ಎಂದು ಆಗ ಯಾರಾದರೂ ಕೇಳಿದರೆ ಹಪ್ಪಳ ಸಂಡಿಗೆಯ ಜೊತೆಗೆ ತೋರಿಸಲು ಇನ್ನೊಂದು ವಸ್ತು ನಮ್ಮ ಬಳಿ ಇರುತ್ತದೆ.